ಏಳದೆ ಉಂಡ ತೊಡಕಿನ ಊಟ

ನಲವತ್ತೇಳು ವರ್ಷ ತುಂಬುವವರೆಗೆ ಚಿಕ್ಕಬೋರಯ್ಯ ಒಂದು ಸಲವೂ ಮುದ್ದೆಯನ್ನು ಅಗಿದಿರಲಿಲ್ಲ. ಹನಕೆರೆಯ ಸುತ್ತಿನಲ್ಲಿ ಯಾರೂ ಅಗಿಯುವುದಿಲ್ಲ. ಬಿಸಿ ಮುದ್ದೆಯಿಂದ ಮೂರು ಬೆರಳಿನಲ್ಲಿ ತುತ್ತು ಮುರಿದು, ಸಾರಿನಲ್ಲಿ ಹೊರಳಿಸಿ, ನಾಲಗೆಯ ಮೇಲಿಟ್ಟು ಗುಳುಕ್ಕನೆ ನುಂಗಬೇಕು. ಹಲ್ಲಿಗೆ ತಾಗಿದರೆ ಅಂಟಿಕೊಳ್ಳುತ್ತದೆ, ಜೊತೆಗೆ ಕೂತವರು ನಗುತ್ತಾರೆ. ಹಾಲುಹಲ್ಲು ಮೂಡುವ ಹೊತ್ತಿಗೇ ತಾಯಂದಿರು ಮಕ್ಕಳಿಗೆ ಕಲಿಸಿಬಿಡುವ ವಿದ್ಯೆ ಇದು. ಆ ವಿದ್ಯೆಯಲ್ಲಿ ಬೋರಯ್ಯ ಊರಿಗೇ ಹೆಸರಾದವನು. ಆಲೆಮನೆಯಲ್ಲಿ ಬೆಲ್ಲದ ಪಾಕ ನೋಡುವುದು ಅವನ ಕೆಲಸ. ಕುದಿಯುವ ಕೊಪ್ಪರಿಗೆಯ ಮುಂದೆ ಬೆಳಗಿನಿಂದ ನಿಂತು, ಬೆವರು ಒರೆಸಿಕೊಂಡು ಬಂದು ಊಟದ ಗಂಗಳದ ಮುಂದೆ ಕೂತನೆಂದರೆ ನಾಲ್ಕು ಮುದ್ದೆ ಇಳಿಯುವವರೆಗೆ ತಲೆ ಎತ್ತುತ್ತಿರಲಿಲ್ಲ. ಬೀಗರೂಟಗಳಿಗೆ ಅವನು ಹೋದರೆ ಬಡಿಸುವವರು ಪಂತಿಯ ಆ ತುದಿಗೆ ಒಬ್ಬ ಆಳನ್ನು ಹೆಚ್ಚಿಗೆ ನಿಲ್ಲಿಸುತ್ತಿದ್ದರು.

ಅಂಥವನ ಹೊಟ್ಟೆಯಲ್ಲಿ ಹುಣ್ಣಾಯಿತು. ಮೊದಲು ಉರಿ, ಆಮೇಲೆ ಉಂಡದ್ದೆಲ್ಲ ವಾಂತಿ, ಕಡೆಗೆ ೧೯೭೫ರ ದೀಪಾವಳಿಯ ಮಾರನೇ ವಾರ ಕಾಫಿಯ ಗಸಿಯಂತೆ ಕಪ್ಪನೆಯ ವಾಂತಿ. ಮೈಸೂರಿನ ಆಸ್ಪತ್ರೆಯೊಂದಕ್ಕೆ ಸಾಗಿಸಿದರು. ಅಲ್ಲಿ ಅವನ ಜಠರದ ಮೂರು ಪಾಲಿನಲ್ಲಿ ಎರಡು ಪಾಲನ್ನು ಕತ್ತರಿಸಿ ತೆಗೆದು, ಉಳಿದ ಒಂದು ಪಾಲನ್ನು ಕರುಳಿಗೆ ಸೇರಿಸಿ ಹೊಲಿದರು. ಮನೆಗೆ ಕಳಿಸುವ ದಿನ ಡಾಕ್ಟರು ಮುಷ್ಟಿ ಬಿಗಿದು ತೋರಿಸಿ, "ಇಷ್ಟೇ ಉಳಿದಿರೋದು. ಇಷ್ಟರಲ್ಲೇ ಬದುಕಬೇಕು," ಎಂದಿದ್ದರು. ದಿನಕ್ಕೆ ಆರು ಸಲ, ಸ್ವಲ್ಪ ಸ್ವಲ್ಪ. ಊಟದ ಜೊತೆ ನೀರು ಬೇಡ. ಸಿಹಿ ಮುಟ್ಟಬೇಡ, ಮುಟ್ಟಿದರೆ ಎದೆ ಹೊಡೆದುಕೊಳ್ಳುತ್ತದೆ, ಆಗ ಮಲಗಿಬಿಡು. ಮೆತ್ತಗಿರುವುದನ್ನೇ ತಿನ್ನು.

ಮೆತ್ತಗಿರುವುದು ಎಂದರೆ ಏನು ಎಂಬುದರಲ್ಲಿ ಬೋರಯ್ಯನಿಗಾಗಲಿ, ಅವನ ಹೆಂಡತಿ ಶಿವನಂಜಮ್ಮನಿಗಾಗಲಿ ಯಾವ ಸಂದೇಹವೂ ಇರಲಿಲ್ಲ. ಮುದ್ದೆಗಿಂತ ಮೆತ್ತಗಿನದು ಲೋಕದಲ್ಲಿ ಇನ್ನೇನಿದೆ? ಹಲ್ಲಿಲ್ಲದ ಮುದುಕರೂ ಉಣ್ಣುತ್ತಾರೆ. ಹನಕೆರೆ ಸ್ಟೇಷನ್ನಿನಲ್ಲಿ ರೈಲಿನಿಂದ ಇಳಿದು ಮನೆಗೆ ಬಂದ ಮೂರನೆಯ ದಿನ ಅವಳು ಒಂದು ಸಣ್ಣ ಮುದ್ದೆ ಕಟ್ಟಿ ಕೊಟ್ಟಳು. ಅವನು ಮುರಿದು, ಹೊರಳಿಸಿ, ನುಂಗಿದ. ಎರಡನೆಯ ತುತ್ತು ಎದೆಗೂಡಿನ ಕೆಳಗೆ ಎಲ್ಲಿಯೋ ನಿಂತಿತು. ಮುಂದೆ ಹೋಗಲಿಲ್ಲ, ಹಿಂದಕ್ಕೆ ಬರಲಿಲ್ಲ. ಉಸಿರಾಡಬಹುದಿತ್ತು, ಆದರೆ ಪ್ರತಿ ಉಸಿರಿಗೂ ಒಳಗೆ ಒಂದು ಕಲ್ಲು ಅಲುಗಾಡಿದಂತಾಗುತ್ತಿತ್ತು. ಹೊಲಿಗೆ ಬಿಚ್ಚುತ್ತಿದೆಯೆಂದುಕೊಂಡು ಅವನು ಎರಡೂ ಕೈಯಿಂದ ಹೊಟ್ಟೆಯನ್ನು ಹಿಡಿದು, ಗೋಡೆಗೆ ಹಣೆ ಒತ್ತಿ ಕೂತ. ಅರ್ಧ ಗಂಟೆಯ ಮೇಲೆ ಕಲ್ಲು ತಾನಾಗಿ ಇಳಿಯಿತು. ಆದರೆ ಅಂದು ಹೊಕ್ಕ ಭಯ ಇಳಿಯಲಿಲ್ಲ. ಅಂದಿನಿಂದ ಗಂಜಿ, ಅಂಬಲಿ, ಹಿಸುಕಿದ ಅನ್ನ. ಹಸಿವಾದರೂ ಭಯ, ಹೊಟ್ಟೆ ತುಂಬಿದರೂ ಭಯ. ಸಂಕ್ರಾಂತಿಯ ಹೊತ್ತಿಗೆ ಆಲೆಮನೆಯ ತಕ್ಕಡಿಯಲ್ಲಿ ತಮಾಷೆಗೆ ಕೂರಿಸಿದಾಗ, ಹಿಂದಿನ ವರ್ಷ ಎಂಬತ್ತನಾಲ್ಕು ಕಿಲೋ ಇದ್ದವನು ಐವತ್ತೆರಡಕ್ಕೆ ಬಂದಿದ್ದ. ತಕ್ಕಡಿಯ ಸುತ್ತ ನಿಂತವರಲ್ಲಿ ಯಾರೂ ನಗಲಿಲ್ಲ.

ಈ ಎಲ್ಲದರಲ್ಲಿ ಅವನ ತಾಯಿ ದೇವಿರಮ್ಮನಿಗೆ ತಿಳಿದಿದ್ದುದು ಇಷ್ಟೇ: ಮಗನ ಹೊಟ್ಟೆಯ ಹುಣ್ಣನ್ನು ಡಾಕ್ಟರು ಕೆರೆದು ತೊಳೆದಿದ್ದಾರೆ, ಮೈ ಕೂಡಿಕೊಳ್ಳಲು ಕೆಲವು ದಿನ ಬೇಕು. ಹೊಟ್ಟೆಯನ್ನೇ ಕೊಯ್ದು ತೆಗೆದರೆಂದು ಹೇಳಲು ಗಂಡ ಹೆಂಡಿರಿಬ್ಬರಿಗೂ ಧೈರ್ಯವಾಗಲಿಲ್ಲ. ಅದಕ್ಕೆ ಕಾರಣವಿತ್ತು. ಕಾರಣ ಯುಗಾದಿಯ ಮಾರನೇ ದಿನದ್ದು.

ಆ ಕಡೆಯ ಒಕ್ಕಲು ಮನೆಗಳಲ್ಲಿ ಯುಗಾದಿ ಎರಡು ದಿನದ ಹಬ್ಬ. ಮೊದಲ ದಿನ ಎಣ್ಣೆನೀರು, ಬೇವು ಬೆಲ್ಲ, ಒಬ್ಬಟ್ಟು. ಎರಡನೆಯ ದಿನ ಹೊಸತೊಡಕು, ಎಂದರೆ ಹೊಸ ವರ್ಷ ತೊಡಗುವ ದಿನ; ಅಂದು ಮಾಂಸದ ಅಡಿಗೆ, ಬಾಡೂಟ. ವರ್ಷದ ತೊಡಕಿನ ದಿನ ಏನು ಮಾಡುತ್ತೇವೋ ವರ್ಷವಿಡೀ ಅದೇ ನಡೆಯುತ್ತದೆ ಎಂಬ ನಂಬಿಕೆಯಿಂದ ಅಂದು ಯಾರೂ ಜಗಳವಾಡುವುದಿಲ್ಲ, ಅಳುವುದಿಲ್ಲ, ಹಸಿದಿರುವುದಿಲ್ಲ. ದೇವಿರಮ್ಮನ ಮನೆಯಲ್ಲಿ ಇದರ ಜೊತೆಗೆ ಇನ್ನೊಂದು ಕಟ್ಟಳೆ ಇತ್ತು. ತೊಡಕಿನ ಮೊದಲ ಮುದ್ದೆಯನ್ನು ಮನೆಯ ಹಿರಿಯ ಹೆಂಗಸು ತನ್ನ ಕೈಯಿಂದ ಮನೆಯ ಯಜಮಾನನಿಗೆ ಇಡಬೇಕು. ಅವನು ಗಂಗಳದಲ್ಲಿ ಏನನ್ನೂ ಬಿಟ್ಟು ಏಳಬಾರದು. ಅವನು ಎದ್ದ ಮೇಲೆಯೇ ಇಟ್ಟವಳು ಉಣ್ಣಬೇಕು. ಇಪ್ಪತ್ತೆರಡು ವರ್ಷದ ಹಿಂದೆ ಬೋರಯ್ಯನ ಅಪ್ಪ ತೊಡಕಿನ ದಿನ ಅರ್ಧ ಮುದ್ದೆ ಉಂಡು, ಸಾಕೆಂದು ಎದ್ದುಬಿಟ್ಟಿದ್ದ. ದೀಪಾವಳಿಗೆ ಮುಂಚೆ ತೀರಿಕೊಂಡ. ಆ ಅರ್ಧ ಮುದ್ದೆಯನ್ನು ದೇವಿರಮ್ಮ ಮರೆತವಳಲ್ಲ. ಪ್ರತಿ ವರ್ಷ ಅಂದು ಮಗನಿಗೆ ಮುದ್ದೆ ಇಟ್ಟು, ಅವನು ಗಂಗಳವನ್ನು ಬೆರಳಿನಿಂದ ಒರೆಸಿ ನೆಕ್ಕುವವರೆಗೆ ಎದುರಿಗೇ ನಿಂತಿರುತ್ತಿದ್ದಳು. ಅಷ್ಟು ವರ್ಷ ಅದು ಬೋರಯ್ಯನಿಗೆ ಆಟವಾಗಿತ್ತು.

೧೯೭೬ರಲ್ಲಿ ಅದು ಆಟವಾಗಿರಲಿಲ್ಲ. ಸಂಕ್ರಾಂತಿಯಿಂದಲೇ ಅವನು ಕ್ಯಾಲೆಂಡರಿನ ಹಾಳೆಗಳನ್ನು ಎತ್ತಿ ಎತ್ತಿ ನೋಡುತ್ತಿದ್ದ. ಮುದ್ದೆ ಉಂಡರೆ ತಾನು ಸಾಯಬಹುದು. ಬಿಟ್ಟರೆ ಮಗ ಈ ವರ್ಷ ಸಾಯುತ್ತಾನೆಂದು ತಾಯಿ ನಂಬುತ್ತಾಳೆ. ಹಾಗೆ ನಂಬಿ ದಿನವೂ ಮಗನ ಮುಖ ನೋಡುವವಳ ಎದುರಿಗೆ ಇಡೀ ವರ್ಷ ಬದುಕುವುದು ಹೇಗೆ? ತಾಯಿ ನಂಬಿದ್ದನ್ನು ತಾನೂ ಒಳಗೊಳಗೆ ನಂಬಿದ್ದೇನೆಂಬುದು ಅವನಿಗೆ ಗೊತ್ತಿತ್ತು. ಅದನ್ನು ಹೆಂಡತಿಗೂ ಹೇಳಿರಲಿಲ್ಲ.

ಹಬ್ಬದ ಹಿಂದಿನ ದಿನ ತಂಗಿ ಚಿಕ್ಕಮಾದಮ್ಮ ಮತ್ತು ಅವಳ ಗಂಡ ಶಿವಣ್ಣ ಮಳವಳ್ಳಿಯ ಕಡೆಯಿಂದ ಬಸ್ಸಿನಲ್ಲಿ ಬಂದರು. ಶಿವಣ್ಣ ಮಾತುಗಾರ. ಜಗಲಿಯಲ್ಲಿ ಕಾಲು ತೊಳೆದುಕೊಳ್ಳುತ್ತಲೇ ಶುರುಮಾಡಿದ.

"ಬಾವ, ಆಸ್ಪತ್ರೇಲಿ ನಿನ್ ಪಕ್ಕದ್ ಮಂಚದಲ್ಲಿ ನಮ್ ಕಡೆಯೋನು ಒಬ್ಬ ಇದ್ನಲ್ಲ, ಮಾದಯ್ಯ ಅಂತ?"

"ಊಂ. ಅವನ್ಗೂ ನನ್ಗೂ ಒಂದೇ ಆಪರೇಸನ್ನು. ಎಂಗವ್ನೆ?"

"ಎಲ್ಲಿ ಇದ್ದಾನು, ಓಗ್ಬುಟ್ಟ ಕಣ್ ಬಾವ. ಮಗಳ ಬೀಗರೂಟ. ಎಲ್ರೂ ಉಣ್ಣಪ್ಪ ಉಣ್ಣಪ್ಪ ಅಂದವ್ರೆ, ಮರ್ಯಾದೆಗೆ ಬಿದ್ದು ಮೂರು ಮುದ್ದೆ ನುಂಗವ್ನೆ. ಮಾರ್ನೇ ದಿನ ಒಟ್ಟೆ ತಮಟೆ ಆದಂಗೆ ಆಗಿ, ಆಸ್ಪತ್ರೆ ದಾರೀಲೇ…"

ಶಿವನಂಜಮ್ಮ ಒಳಗಿನಿಂದ ಬಂದು, "ಮಜ್ಜಿಗೆ ಕುಡೀರಣ್ಣ," ಎಂದು ಲೋಟವನ್ನು ಶಿವಣ್ಣನ ಕೈಗೆ ತುರುಕಿದಳು. ಮಾತು ನಿಂತಿತು. ಆದರೆ ಬೋರಯ್ಯನಿಗೆ ಬೇಕಾಗಿದ್ದಷ್ಟು ಕೇಳಿಸಿಯಾಗಿತ್ತು. ಮಾದಯ್ಯ ಅವನಿಗಿಂತ ಎರಡು ದಿನ ಮುಂಚೆ ಕೊಯ್ಸಿಕೊಂಡವನು. ಹೊಟ್ಟೆಗೆ ಟವಲು ಬಿಗಿದುಕೊಂಡು ವಾರ್ಡಿನಲ್ಲಿ ಹೇಗೆ ನಡೆಯಬೇಕು, ಕೆಮ್ಮು ಬಂದರೆ ಎಲ್ಲಿ ಒತ್ತಿ ಹಿಡಿಯಬೇಕು ಎಂದು ಹೇಳಿಕೊಟ್ಟವನು. ಎರಡು ದಿನ ಮುಂಚೆ ಹೋದವನು ದಾರಿ ತೋರಿಸುತ್ತಲೇ ಇದ್ದಾನೆ ಎಂಬ ಯೋಚನೆ ಬಂದು ಬೋರಯ್ಯ ಹೊಲಿಗೆಯ ಗುರುತಿನ ಮೇಲೆ ಕೈಯಿಟ್ಟುಕೊಂಡ.

ಯುಗಾದಿಯ ದಿನ ಶ್ಯಾಮಣ್ಣ ಮೇಷ್ಟ್ರು ದೇವಸ್ಥಾನದಲ್ಲಿ ಪಂಚಾಂಗ ಓದಿ, ಈ ವರ್ಷ ನಳ ಸಂವತ್ಸರ, ಅಡಿಗೆಯಲ್ಲಿ ಎತ್ತಿದ ಕೈಯಾದ ಮಹಾರಾಜನ ಹೆಸರು, ಊಟಕ್ಕೆ ಕೊರತೆಯಿಲ್ಲ ಎಂದು ನಗಿಸಿದರು. ಬೋರಯ್ಯ ನಗುವವರ ಜೊತೆ ನಕ್ಕು ಮನೆಗೆ ಬಂದ. ಅಲ್ಲಿ ಒಬ್ಬಟ್ಟು ಕಾದಿತ್ತು. ಮೂವತ್ತು ವರ್ಷ ಬೆಲ್ಲದ ಪಾಕ ನೋಡಿದವನು, ನೀರಿಗೆ ಬಿಟ್ಟ ಹನಿಯನ್ನು ಎರಡು ಬೆರಳಲ್ಲಿ ಉರುಳಿಸಿ ಹದ ಹೇಳುವವನು, ತಾನೇ ಕಾಯಿಸಿದ ಬೆಲ್ಲದ ಒಬ್ಬಟ್ಟಿನ ಮುಂದೆ ಹಾವಿನ ಮುಂದೆ ಕೂತಂತೆ ಕೂತ. ತಾಯಿಯ ಕಣ್ಣು ಅವನ ಕೈಯ ಮೇಲಿತ್ತು. ಅರ್ಧ ತಿಂದ. ಉಳಿದರ್ಧವನ್ನು ಪಂಚೆಯ ಮಡಿಲಿಗೆ ಸರಿಸಿಕೊಂಡು, ಎತ್ತುಗಳನ್ನು ನೋಡಿ ಬರುತ್ತೇನೆಂದು ಕೊಟ್ಟಿಗೆಗೆ ಹೋದ.

ಕೊಟ್ಟಿಗೆ ಸೇರುವಷ್ಟರಲ್ಲಿ ಡಾಕ್ಟರು ಹೇಳಿದ್ದು ಬಂತು. ಎದೆ ತಮಟೆಯಂತೆ ಹೊಡೆದುಕೊಂಡಿತು. ಕಿವಿಯಲ್ಲಿ ರೈಲು ಹೋದಂತೆ ಸದ್ದು. ಒಂದು ನಿಮಿಷದಲ್ಲಿ ಅಂಗಿ ಒದ್ದೆಯಾಗಿ ಬೆನ್ನಿಗೆ ಅಂಟಿತು. ಅವನು ಹುಲ್ಲಿನ ಮೇಲೆ ಬಿದ್ದುಕೊಂಡು, ಎತ್ತಿನ ಹೊಟ್ಟೆ ಏರಿ ಇಳಿಯುವುದನ್ನೇ ನೋಡುತ್ತ, ಅದರ ಉಸಿರಿನ ಜೊತೆ ತನ್ನ ಉಸಿರನ್ನು ಸೇರಿಸಲು ಪ್ರಯತ್ನಿಸಿದ. ಎತ್ತು ಅವನ ಮಡಿಲಿನಿಂದ ಒಬ್ಬಟ್ಟನ್ನು ಎಳೆದುಕೊಂಡು ತಿಂದಿತು. ಕಣ್ಣಿನ ಕತ್ತಲೆ ತಿಳಿಯಾಗುವ ಹೊತ್ತಿಗೆ ಶಿವನಂಜಮ್ಮ ಪಕ್ಕದಲ್ಲಿ ಕುಳಿತು ಅವನ ಹಣೆ ಒರೆಸುತ್ತಿದ್ದಳು.

"ಅರ್ದ ಒಬ್ಬಟ್ಗೇ ಇಂಗಾದ್ರೆ ನಾಳೀಕೆ ಏನ್ ಮಾಡೀರಿ? ಅತ್ತೆಗೆ ಯೋಳ್ಬುಡಾನ."

"ಬ್ಯಾಡ. ಅಪ್ಪಂದು ಅರ್ದ ಮುದ್ದೆ ಉಳೀತು. ನನ್ನ ಒಟ್ಟೇನೇ ಅರ್ದ ಇಲ್ಲ ಅಂದ್ರೆ ಅವಳು ಉಳೀತಾಳಾ?"

ಮಾರನೇ ಬೆಳಿಗ್ಗೆ ದೇವಿರಮ್ಮ ಅಂಗಳದಲ್ಲಿ ಮಸಾಲೆ ಅರೆಯುತ್ತ ಕೂತಿದ್ದಳು. ಹಲ್ಲುಜ್ಜಿ ಬಂದ ಮಗನನ್ನು ತಲೆಯೆತ್ತದೆಯೇ ಮಾತಾಡಿಸಿದಳು.

"ನೆನ್ನೆ ನಿನ್ ಒಬ್ಬಟ್ಟ ಎತ್ತು ತಿಂತು. ತುಪ್ಪ ನೆಕ್ಕೊಂಡು ನಿಂತಿತ್ತು, ಕಂಡೆ. ಇವತ್ತು ಬಾಡೂಟ. ಎತ್ತು ಬಾಡು ತಿನ್ನಾಕಿಲ್ಲ ಕಣ್ಲಾ ಬೋರ."

 ಗುಂಡುಕಲ್ಲು ಒರಳಿನಲ್ಲಿ ತಿರುಗುತ್ತಲೇ ಇತ್ತು.

ಮಧ್ಯಾಹ್ನದ ರೈಲು ಮದ್ದೂರಿನ ಕಡೆಗೆ ಹೋದ ಸದ್ದು ಕೇಳಿದ ಮೇಲೆ ನಡುಮನೆಯಲ್ಲಿ ಗಂಗಳಗಳನ್ನು ಹಾಕಿದರು. ಬೋರಯ್ಯನಿಗೆ ಅಪ್ಪನ ಕಂಚಿನ ಗಂಗಳ, ಪಕ್ಕದಲ್ಲಿ ಶಿವಣ್ಣನಿಗೆ ಇನ್ನೊಂದು. ಸಾರಿನ ವಾಸನೆಗೆ ಬಾಯಲ್ಲಿ ನೀರೂರಿತು. ಅದೂ ಅವನಿಗೆ ಭಯವನ್ನೇ ತಂದಿತು, ಏಕೆಂದರೆ ಮಾದಯ್ಯನಿಗೂ ಹೀಗೆಯೇ ಊರಿರಬೇಕು. ಒಲೆಯ ಮುಂದೆ ಶಿವನಂಜಮ್ಮ ಚಿಕ್ಕ ಮುದ್ದೆ ಕಟ್ಟಲು ಕೈ ಒದ್ದೆ ಮಾಡಿಕೊಂಡಿದ್ದಳು. ಅತ್ತೆ ಅವಳನ್ನು ಪಕ್ಕಕ್ಕೆ ಸರಿಸಿ, ತಾನೇ ಮಡಕೆಗೆ ಕೈಹಾಕಿ, ಎರಡೂ ಅಂಗೈ ತುಂಬುವ ಮುದ್ದೆ ಕಟ್ಟಿ ತಂದು ಗಂಗಳದ ನಡುವೆ ಇಟ್ಟಳು. ಮೇಲೆ ಸಾರು, ಎರಡು ತುಂಡು ಬಾಡು. ಇಟ್ಟು, ಕಂಬಕ್ಕೆ ಒರಗಿ ನಿಂತಳು.

"ಉಣ್ಲಾ."

ಬೋರಯ್ಯ ಕಡಲೆಕಾಯಿಯಷ್ಟು ಮುರಿದ. ಬಾಯಿಗಿಟ್ಟುಕೊಂಡ. ನಾಲಗೆ ತನ್ನ ಹಳೆಯ ಅಭ್ಯಾಸದಂತೆ ತುತ್ತನ್ನು ಹಿಂದಕ್ಕೆ ತಳ್ಳಿತು. ಅವನು ಹಲ್ಲು ಕಚ್ಚಿ ಅದನ್ನು ತಡೆದು ಹಿಡಿದ. ಮತ್ತೆ, ಹುಟ್ಟಿದ ಮೇಲೆ ಮೊದಲ ಬಾರಿಗೆ, ಮುದ್ದೆಯನ್ನು ಅಗಿದ. ಅದು ದವಡೆಗೆ ಅಂಟಿತು, ಅಂಗುಳಿಗೆ ಮೆತ್ತಿತು. ನೀರಾಗುವವರೆಗೆ ಅಗಿದು ಸ್ವಲ್ಪ ಸ್ವಲ್ಪವಾಗಿ ಒಳಗೆ ಬಿಟ್ಟ. ಕಲ್ಲು ನಿಲ್ಲುತ್ತದೆಯೇ ಎಂದು ಕಾದ. ನಿಲ್ಲಲಿಲ್ಲ.

ಶಿವಣ್ಣ ತುತ್ತು ಕೈಯಲ್ಲಿ ಹಿಡಿದೇ ಬೆರಗಾಗಿ ನೋಡಿದ. "ಬಾವ! ಇದೇನ್ ಬಾವ, ಮುದ್ದೆ ಅಗೀತಿದ್ದೀಯ? ಎಮ್ಮೆ ಮೆಲುಕು ಆಕ್ದಂಗೆ?"

"ಬಾಡು ಅಗ್ದೆ ಕಣ್ ಶಿವಣ್ಣ."

"ಬಾಡು ಇನ್ನೂ ಅಲ್ಲೇ ಬಿದ್ದದೆ ನೋಡು! ಅತ್ತೆ, ನಿನ್ ಮಗ ಮೈಸೂರ್ಗೆ ಓಗಿ ಬಂದು ಮುದ್ದೆ ಉಣ್ಣೋದ್ನೇ ಮರ್ತವ್ನೆ."

"ನೀನು ಉಣ್ಣು ಅಳಿಮಯ್ಯ. ತಣ್ಗಾಯ್ತದೆ," ಎಂದಳು ದೇವಿರಮ್ಮ. ಅವಳು ನಗಲಿಲ್ಲ.

ಹತ್ತು ತುತ್ತು ಹೋಯಿತು. ಪಕ್ಕೆಲುಬಿನ ಕೆಳಗೆ ದಾರ ಜಗ್ಗಿದಂತೆ ಒಂದು ಸಣ್ಣ ಸೆಳೆತ ಬಂತು. ಅದು ಗುರುತು, ಅದರ ಮೇಲೆ ಒಂದು ತುತ್ತು ಹೆಚ್ಚಾದರೂ ಆಪತ್ತು. ಅವನು ಕೈ ನಿಲ್ಲಿಸಿದ. ಮುದ್ದೆಯ ಒಂದು ಮೂಲೆ ಮಾತ್ರ ಸವೆದಿತ್ತು. ಶಿವಣ್ಣ ಮೂರು ಮುದ್ದೆ ಮುಗಿಸಿ, ತೇಗಿ, ಎದ್ದು ಕೈತೊಳೆಯಲು ಹೋದ. ನಡುಮನೆಯಲ್ಲಿ ಉಳಿದವರು ತಾಯಿ, ಮಗ, ಒಲೆಯ ಬಳಿ ಸೊಸೆ.

"ಯಾಕ್ಲಾ ಕೈ ನಿಂತೋಯ್ತು?"

"ಸ್ವಲ್ಪ ತಡಿ ಕಣವ್ವ."

"ನಿಮ್ಮಪ್ಪನೂ ಇಂಗೇ ಅಂದ. ತಡಿ ಅಂದ, ಎದ್ದ." ಅವಳು ಕಂಬವನ್ನು ಬಿಗಿಯಾಗಿ ಹಿಡಿದುಕೊಂಡಳು. "ಬೋರ, ಎದ್ಬುಟ್ಟೀಯ. ಉಣ್ಲಾ, ನಿನ್ ಕಾಲಿಗ್ ಬೀಳ್ತೀನಿ."

"ನಾನೆಲ್ಲಿ ಎದ್ದೆ? ಕುಂತಿವ್ನಲ್ಲವ್ವ. ಬುಟ್ಟು ಎದ್ರಲ್ವಾ ತಪ್ಪು? ನಾನು ಏಳಾಕಿಲ್ಲ."

ಯೋಚಿಸಿ ಆಡಿದ ಮಾತಲ್ಲ ಅದು. ತಾಯಿಯನ್ನು ಒಂದು ಕ್ಷಣ ತಡೆಯಲು ಬಾಯಿಗೆ ಬಂದದ್ದು. ಆಡಿದ ಮೇಲೆ ಅದರೊಳಗೊಂದು ದಾರಿ ಇರುವುದು ಅವನಿಗೆ ಕಂಡಿತು. ಗಂಗಳದಲ್ಲಿ ಬಿಟ್ಟು ಏಳಬಾರದೆಂದು ಕಟ್ಟಳೆ. ಎಷ್ಟು ಹೊತ್ತಿನಲ್ಲಿ ಉಣ್ಣಬೇಕೆಂದು ಯಾರೂ ಹೇಳಿಲ್ಲ. ಡಾಕ್ಟರು ಆರು ಸಲ ಎಂದಿದ್ದಾರೆ. ಆರು ಸಲವನ್ನೂ ಕೂತಲ್ಲೇ ಮುಗಿಸಿದರೆ?

ದೇವಿರಮ್ಮ ಕಂಬವನ್ನು ಜಾರಿಕೊಂಡು ಕೆಳಗೆ ಕೂತಳು. "ಏಳಾಕಿಲ್ವ?"

"ಮುಗಿಯೋಗಂಟ ಏಳಾಕಿಲ್ಲ."

"ಅಂಗಾರೆ ನಾನೂ ಏಳಾಕಿಲ್ಲ."

ಗಂಟೆ ಕಳೆಯಿತು. ಉಂಡ ಕೈ ಒಣಗಬಾರದೆಂಬುದು ಆ ಕಡೆಯ ಮನೆಗಳ ನಂಬಿಕೆ. ಶಿವನಂಜಮ್ಮ ಆಗಾಗ ಬಂದು ಅವನ ಬೆರಳುಗಳ ಮೇಲೆ ಬಿಸಿ ಸಾರನ್ನು ಎರಡು ಹನಿ ಬಿಟ್ಟು ಹೋಗುತ್ತಿದ್ದಳು. ಎರಡನೆಯ ಪಾಲು ಶುರುವಾಯಿತು. ಮತ್ತೆ ಹತ್ತು ತುತ್ತು, ಒಂದು ಎಳೆ ಬಾಡು. ಮತ್ತೆ ಸೆಳೆತ. ಮತ್ತೆ ಕೈ ನಿಂತಿತು. ತಾಯಿ ಅವನ ಗಂಟಲನ್ನೂ ಗಂಗಳವನ್ನೂ ನೋಡುತ್ತಿದ್ದಳು. ಬೆಳಗಿನಿಂದ ಅವಳ ಹೊಟ್ಟೆಗೂ ಏನೂ ಬಿದ್ದಿರಲಿಲ್ಲ.

"ಬೋರ, ಏನ್ ಮಾಡಿದ್ರು ನಿನ್ಗೆ ಅಲ್ಲಿ? ನಿಜ ಯೋಳು. ಉಣ್ಣಾದ್ರಲ್ಲಿ ನೀನು ನಿಮ್ಮಪ್ಪನ್ನೂ ಮೀರ್ಸಿದ್ದೋನು. ಮುದ್ದೆ ನೋಡಿ ಇಂಗೆ ಎದರ್ಕೊಳ್ಳೋ ಮಗನ್ನ ನಾನು ಎತ್ತಿಲ್ಲ."

ಅವನು ಹೆಂಡತಿಯ ಕಡೆ ನೋಡಿದ. ಹೇಳಿಬಿಡು ಎಂಬಂತೆ ಅವಳು ತಲೆಯಾಡಿಸಿದಳು.

"ಕುಯ್ದವ್ರೆ ಕಣವ್ವ."

"ಹುಣ್ಣು?"

"ಒಟ್ಟೆಯ. ಮೂರ್ ಪಾಲಲ್ಲಿ ಎರಡು ಪಾಲು ತಗ್ದವ್ರೆ."

 ಹಿತ್ತಲಿನಲ್ಲಿ ಶಿವಣ್ಣ ಯಾರಿಗೋ ಏನೋ ಹೇಳಿ ನಗುತ್ತಿದ್ದುದು ಕೇಳಿಸುತ್ತಿತ್ತು.

"ಉಳ್ದಿರೋದು ಎಷ್ಟು?"

ಬೋರಯ್ಯ ಎಡಗೈಯ ಮುಷ್ಟಿ ಬಿಗಿದು ತೋರಿಸಿದ, ಡಾಕ್ಟರು ತೋರಿಸಿದಂತೆ. ಅವಳು ಆ ಮುಷ್ಟಿಯನ್ನು ನೋಡಿದಳು, ಗಂಗಳದಲ್ಲಿ ತಾನಿಟ್ಟ ಮುದ್ದೆಯನ್ನು ನೋಡಿದಳು. ಅವನು ಎರಡು ಸಲ ಉಂಡ ಮೇಲೂ ಮುದ್ದೆ ಮುಷ್ಟಿಗಿಂತ ದೊಡ್ಡದಿತ್ತು.

"ಅಯ್ಯೋ ಸಿವನೇ," ಎಂದಳು. "ಕೊಲ್ಲಾಕೆ ಕಟ್ಬುಟ್ನಲ್ಲಪ್ಪ."

ಆಮೇಲೆ ತನಗೆ ತಾನೇ ಹೇಳಿಕೊಳ್ಳುವಂತೆ: "ನಿಮ್ಮಪ್ಪನೂ ಕಪ್ಪುಗೇ ವಾಂತಿ ಮಾಡ್ತಿದ್ದ. ಹಿತ್ತಲಲ್ಲಿ ಕದ್ದು ಮಾಡ್ತಿದ್ದ. ಆವಾಗ ಕುಯ್ಯೋ ಡಾಕ್ಟ್ರು ನಮಗೆಲ್ಲಿದ್ರು. ಮುದ್ದೆ ಬುಟ್ಟಿದ್ಕೆ ಸತ್ನೋ, ಸಾಯಂಗಾಗಿದ್ದಕ್ಕೆ ಮುದ್ದೆ ಬುಟ್ನೋ, ಯಾರ್ ಕಂಡವ್ರೆ?"

ಬೋರಯ್ಯನಿಗೆ ಎದೆಯ ಮೇಲಿನ ಒಂದು ಭಾರ ಇಳಿದಂತಾಯಿತು. ಇಪ್ಪತ್ತೆರಡು ವರ್ಷದಿಂದ ಆ ಮನೆಯನ್ನು ಆಳಿದ್ದ ಅರ್ಧ ಮುದ್ದೆಯನ್ನು ತಾಯಿಯೇ ಕೈಬಿಡುತ್ತಿದ್ದಾಳೆ. "ಅಂಗಾರೆ ಏಳ್ಲೇನವ್ವ?"

"ಬ್ಯಾಡ!" ಅವಳು ಬೆಚ್ಚಿ ಕೈ ಚಾಚಿದಳು. "ಏಳ್ಬ್ಯಾಡ ಕಣ್ಲಾ. ನಾನು ಏನೋ ಬಾಯಿಗ್ ಬಂದದ್ದು ಅಂದೆ. ಕುಂತ್ಕೊ. ಬಿರ್ರನೆ ಉಣ್ಬ್ಯಾಡ, ಮೆಲ್ಲಕೆ ಉಣ್ಣು. ಏಳ್ಬ್ಯಾಡ."

ಹೀಗೆ ಭಯ ಇಬ್ಬರದೂ ಆಯಿತು. ಅದುವರೆಗೆ ಅವಳಿಗೆ ಗಂಗಳದ ಭಯ, ಅವನಿಗೆ ಹೊಟ್ಟೆಯ ಭಯ. ಈಗ ಇಬ್ಬರೂ ಎರಡನ್ನೂ ಹೊತ್ತುಕೊಂಡು ಎದುರುಬದುರು ಕೂತರು.

ಬಾಗಿಲಲ್ಲಿ ಪಕ್ಕದ ಮನೆಯ ಸಣ್ಣತಾಯಮ್ಮ ಇಣುಕಿದಳು. "ಏನವ್ವ ದೇವಿರಮ್ಮ, ಮದ್ಯಾನ್ದಿಂದ ಉಣ್ತಾನೇ ಅವ್ನಾ ನಿನ್ ಮಗ? ಬಡ್ಕಲಾಗವ್ನೆ ಅಂತಿದ್ರು. ಎಷ್ಟನೇ ಮುದ್ದೆ ಇದು?"

"ಲೆಕ್ಕ ಇಟ್ಟಿಲ್ಲ ಕಣೆ," ಎಂದಳು ದೇವಿರಮ್ಮ ಕಣ್ಣು ಮಿಟುಕಿಸದೆ. "ಬಾಗ್ಲಲ್ಲಿ ನಿಂತ್ಕೊಂಡು ಉಣ್ಣೋರ ಮುಕ ನೋಡ್ಬ್ಯಾಡ, ಓಗು."

ಸಂಜೆಯ ಹೊತ್ತಿಗೆ ಬೋರಯ್ಯ ತೊಡಕಿಗೆ ಎಂಟು ಮುದ್ದೆ ಉಂಡನೆಂದು ಬೀದಿಯಲ್ಲೆಲ್ಲ ಮಾತು ಹರಡಿತ್ತು.

ಮೂರನೆಯ ಪಾಲಿನಲ್ಲಿ ಆಪತ್ತು ಬಂತು. ಸಾರಿನ ಮೇಲೆ ತೇಲುತ್ತಿದ್ದ ಕೊಬ್ಬೋ, ಕಾದು ಕಾದು ಬಂದ ಆತುರವೋ, ಅವನು ಎರಡು ತುತ್ತನ್ನು ಸರಿಯಾಗಿ ಅಗಿಯದೆ ಬಿಟ್ಟಿದ್ದ. ಎದೆ ಹೊಡೆದುಕೊಳ್ಳಲು ತೊಡಗಿತು. ಹಣೆಯ ಬೆವರು ಗಂಗಳಕ್ಕೆ ಹನಿಯಿತು. ಗೋಡೆ, ಕಂಬ, ತಾಯಿಯ ಮುಖ ಎಲ್ಲವೂ ದೂರ ಸರಿದವು. ಮಾದಯ್ಯ ಹೊಟ್ಟೆಗೆ ಟವಲು ಬಿಗಿದುಕೊಂಡು ವಾರ್ಡಿನ ಉದ್ದಕ್ಕೂ ನಡೆದು ಹೋಗುತ್ತಿರುವುದು ಕಂಡಿತು. ತಿರುಗಿ ನೋಡಿ, ಬಾ ಎಂದಂತಾಯಿತು.

"ಮಲಿಕ್ಕಬೇಕು," ಎಂದ ಬೋರಯ್ಯ. "ಡಾಕ್ಟ್ರು ಮಲಿಕ್ಕೊ ಅಂದವ್ರೆ."

ಶಿವನಂಜಮ್ಮ ಓಡಿ ಬಂದಳು. ಎತ್ತಲು ಕಂಕುಳಿಗೆ ಕೈ ಹಾಕಿದಳು. ಬೋರಯ್ಯ ಬಿಟ್ಟುಕೊಡಲಿಲ್ಲ, ಏಳುವ ಭಯ ಆ ಸ್ಥಿತಿಯಲ್ಲೂ ಅವನನ್ನು ನೆಲಕ್ಕೆ ಒತ್ತಿ ಹಿಡಿದಿತ್ತು. "ಮಲಿಕ್ಕಂಡ್ರೆ ಎದ್ದಂಗಾಯ್ತದಾ ಅವ್ವ?" ಎಂದು ಕೇಳಿದ. ಸಾಯುವವನು ಕೇಳುವ ಪ್ರಶ್ನೆಯಂತಿತ್ತು ಅದು.

ದೇವಿರಮ್ಮ ಅರೆಗಳಿಗೆ ಯೋಚಿಸಿದಳು. ಕೇಳಲು ಅವಳಿಗಿಂತ ಹಿರಿಯರು ಆ ಮನೆಯಲ್ಲಿ ಯಾರೂ ಉಳಿದಿರಲಿಲ್ಲ.

"ಕುಂಡಿ ನೆಲ ಬುಡದಿದ್ರೆ ಎದ್ದಂಗಲ್ಲ," ಎಂದು ತೀರ್ಪು ಕೊಟ್ಟಳು. ಮೂಲೆಯಲ್ಲಿದ್ದ ರಾಗಿ ಮೂಟೆಯನ್ನು ಎಪ್ಪತ್ತು ವರ್ಷದ ಮುದುಕಿ ತಾನೂ ಏಳದೆ, ತೆವಳಿಕೊಂಡೇ ಹೋಗಿ, ಒಬ್ಬಳೇ ದರದರನೆ ಎಳೆದು ತಂದು ಅವನ ಬೆನ್ನ ಹಿಂದಿಟ್ಟಳು. ಕೂತಲ್ಲೇ ಹಿಂದಕ್ಕೆ ಒರಗಿಸಿದರು. ಎಂಜಲು ಬಲಗೈಯನ್ನು ಗಂಗಳದ ಅಂಚಿನ ಮೇಲೇ ಇಟ್ಟುಕೊಂಡು, ಕಣ್ಣು ಮುಚ್ಚಿ ಅವನು ಮಲಗಿದ. ಒಬ್ಬಳು ಬೀಸಣಿಗೆ ಬೀಸಿದಳು, ಇನ್ನೊಬ್ಬಳು ಅಂಗಾಲು ತಿಕ್ಕಿದಳು.  ಶಿವಣ್ಣ ಒಳಗೆ ಬಂದವನು ಇದನ್ನು ನೋಡಿ, ಬಾಯಿಗೆ ಬಂದ ತಮಾಷೆಯನ್ನು ನುಂಗಿಕೊಂಡು, ಹೆಂಡತಿಯನ್ನು ಕರೆದುಕೊಂಡು ಜಗಲಿಗೆ ಹೋಗಿ ಕೂತ. ಹೊರಗಿನವರು ಬರದಂತೆ ಬಾಗಿಲಿಗೆ ಅಡ್ಡವಾಗಿಯೇ ಕೂತ.

ಮುಕ್ಕಾಲು ಗಂಟೆ ಕಳೆದು ಎದೆ ತಹಬಂದಿಗೆ ಬಂತು. ಅವನು ಕಣ್ಣು ಬಿಟ್ಟು ಮೊದಲು ಗಂಗಳವನ್ನು ನೋಡಿದ. ಮುದ್ದೆ ಅರ್ಧ ಉಳಿದಿತ್ತು. ಅಪ್ಪ ಬಿಟ್ಟಿದ್ದೂ ಇಷ್ಟೇ.

ತಾಯಿಗೂ ಅದೇ ಕಂಡಿರಬೇಕು. ಅವಳು ಗಂಗಳದ ಹತ್ತಿರಕ್ಕೆ ಸರಿದು, ತಣ್ಣಗಾಗಿ ಗಟ್ಟಿಯಾಗಿದ್ದ ಆ ಅರ್ಧವನ್ನು ಮುರಿದು, ಬಿಸಿ ಸಾರು ಬಿಟ್ಟು, ಮಗುವಿಗೆ ಕಿವುಚುವಂತೆ ಬೆರಳಲ್ಲಿ ಕಿವುಚತೊಡಗಿದಳು. ನುಂಗುವುದನ್ನು ಕಲಿಸಿದವಳೇ ಈಗ ಪ್ರತಿ ತುತ್ತಿಗೂ, "ಅಗಿ. ಇನ್ನೂ ಅಗಿ. ನುಂಗ್ಬ್ಯಾಡ," ಎಂದು ಹೇಳುತ್ತ, ಹಲ್ಲಿಲ್ಲದ ತನ್ನ ವಸಡುಗಳನ್ನೂ ಅವನ ಜೊತೆ ಆಡಿಸುತ್ತಿದ್ದಳು. ನಾಲ್ಕನೆಯ ಪಾಲು. ಬಿಡುವು. ಐದನೆಯ ಪಾಲು. ಬಿಡುವು. ಗೋಡೆಯ ಮೇಲಿನ ಬಿಸಿಲು ಮಾಡಿನ ಹಂಚಿಗೆ ಏರಿ ಮಾಯವಾಯಿತು. ಪ್ರತಿ ಬಿಡುವಿನಲ್ಲೂ ಇಬ್ಬರೂ ಅವನ ಹೊಟ್ಟೆಯೊಳಗಿನ ಸದ್ದಿಗೆ ಕಿವಿಗೊಟ್ಟು ಕೂರುತ್ತಿದ್ದರು. ಬಿಡುವೊಂದರಲ್ಲಿ ಅವನು ಡಾಕ್ಟರು ಹೇಳಿದ ಆರು ಸಲದ ಲೆಕ್ಕವನ್ನೂ ತಾಯಿಗೆ ಹೇಳಿದ.

ಸಂಜೆಯ ಪ್ಯಾಸೆಂಜರ್ ಹನಕೆರೆಯಲ್ಲಿ ನಿಂತು ಕೂಗಿದಾಗ ಗಂಗಳದಲ್ಲಿ ಒಂದೇ ತುತ್ತು ಉಳಿದಿತ್ತು. ದೀಪ ಹಚ್ಚುವ ಹೊತ್ತು. ಆದರೆ ದಿನವೂ ಹಚ್ಚುವ ದೇವಿರಮ್ಮ ಏಳುವಂತಿರಲಿಲ್ಲ. ಅರೆಗತ್ತಲಲ್ಲಿ ಬೋರಯ್ಯ ಆ ತುತ್ತನ್ನು ಬಾಯಿಗಿಟ್ಟುಕೊಂಡು, ಅದು ಇಲ್ಲವೆನ್ನುವಂತಾಗುವವರೆಗೆ ಅಗಿದ. ಗಂಗಳವನ್ನು ಬೆರಳಿಂದ ಒರೆಸಿ ನೆಕ್ಕಿದ. ಕಂಚು ತಳದವರೆಗೆ ಕಂಡಿತು. ದೇವಿರಮ್ಮ ಬಗ್ಗಿ ನೋಡಿ, ಸಾಲದೆಂದು ಕೈಯಿಂದ ಸವರಿ ನೋಡಿದಳು.

"ಏಳಪ್ಪ," ಎಂದಳು.

ಅವನು ನೆಲಕ್ಕೆ ಕೈಯೂರಿದ. ಏಳಲಾಗಲಿಲ್ಲ. ಸೊಂಟದಿಂದ ಕೆಳಗೆ ಏನೂ ಇರಲಿಲ್ಲ. ತೊಡೆಯನ್ನು ಮುಟ್ಟಿಕೊಂಡರೆ ಬೇರೆಯವರ ತೊಡೆ ಮುಟ್ಟಿದಂತಿತ್ತು, ಪಾದ ತಣ್ಣಗಿತ್ತು. ಸಾವು ಕಾಲಿನಿಂದ ಏರುತ್ತದೆಂದು ಅವನು ಚಿಕ್ಕಂದಿನಿಂದ ಕೇಳಿದ್ದ. ಅಪ್ಪನ ಕಾಲೇ ಮೊದಲು ತಣ್ಣಗಾಗಿದ್ದನ್ನು ಕೈಯಾರೆ ಮುಟ್ಟಿ ನೋಡಿದ್ದ. ಹಾಗಾದರೆ ಮಾದಯ್ಯ ಬಿಟ್ಟಿಲ್ಲ. ಗಂಗಳ ಖಾಲಿ ಮಾಡಿದರೂ ಬಿಟ್ಟಿಲ್ಲ.

"ಅವ್ವ," ಎಂದ.  "ಕಾಲು ಓಯ್ತು ಕಣವ್ವ. ನಾನು ಉಳ್ಯಾಕಿಲ್ಲ."

ಶಿವನಂಜಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು. ದೇವಿರಮ್ಮ ಕತ್ತಲಲ್ಲಿ ತಡಕಿ ಅವನ ಪಾದ ಹಿಡಿದು, ಹೆಬ್ಬೆರಳನ್ನು ಬಲವಾಗಿ ತಿರುಚಿದಳು. ಅಂಗಾಲಿಗೆ ಪಟಾರನೆ ಒಂದೇಟು ಬಿಗಿದಳು. ಕ್ಷಣದಲ್ಲಿ ಸಾವಿರ ಇರುವೆಗಳು ಕಾಲಿನೊಳಗೆ ಒಟ್ಟಿಗೆ ಹರಿದಾಡಿದಂತಾಗಿ ಅವನು, "ಅಯ್ಯಯ್ಯಪ್ಪ!" ಎಂದು ಕಿರುಚಿದ.

"ಜೋಮು ಕಣ್ಲಾ, ಮುಂಡೇದೆ!" ಅವಳು ಇನ್ನೊಂದು ಕಾಲಿಗೂ ಏಟು ಹಾಕಿದಳು, ಅವಳ ದನಿಯಲ್ಲಿ ಅಳುವಿತ್ತೋ ನಗುವಿತ್ತೋ ಅವನಿಗೆ ತಿಳಿಯಲಿಲ್ಲ. "ಮದ್ಯಾನ್ದಿಂದ ಚಕ್ಳಂಬಕ್ಲ ಆಕ್ಕೊಂಡು ಕುಂತ್ರೆ ಜೋಮು ಇಡೀದೆ ಇನ್ನೇನು? ಸಾಯೋನು ಇಂಗ್ ಕಿರುಚಾಕಿಲ್ಲ."

ಸೊಸೆ ಒಂದು ಕಡೆ, ತಾನು ಒಂದು ಕಡೆ ಹಿಡಿದು ಅವನನ್ನು ಎಬ್ಬಿಸಿ ನಿಲ್ಲಿಸಿದಳು. ಎಬ್ಬಿಸುವಾಗ ಅವಳಿಗೆ ತೊಡಕಿನ ಮಾತು ನೆನಪಾಯಿತು.

"ಇವತ್ತು ಮಾಡಿದ್ದೇ ವರ್ಷವೆಲ್ಲ ಅಂತಾರೆ. ಮದ್ಯಾನ್ದಿಂದ ಬೈಗಿನ್ಗಂಟ ಚೂರುಪಾರು ಉಂಡಿದ್ದೀಯ. ಇನ್ನು ವರ್ಷವೆಲ್ಲ ಇಂಗೇ ಉಣ್ಣು. ಆ ಡಾಕ್ಟ್ರು ಯೋಳಿದ್ದೂ ಇದ್ನೇ ತಾನೆ?"

ಬೋರಯ್ಯ ಹೊಟ್ಟೆಯ ಮೇಲೆ ಕೈಯಿಟ್ಟು, ಒಳಗಿನ ಆರನೆಯ ಪಾಲು ಎಲ್ಲಿಗೆ ತಲುಪಿದೆಯೆಂದು ಕಿವಿಗೊಡುತ್ತಿದ್ದ. ಎದೆಯ ಬಡಿತವನ್ನು ಎಣಿಸಿದ. ಸರಿಯಾಗಿಯೇ ಇತ್ತು, ಇನ್ನೊಮ್ಮೆ ಎಣಿಸಿದ. ಶಿವನಂಜಮ್ಮ ದೀಪ ಹಚ್ಚಿದಳು. ಆ ಬೆಳಕಿನಲ್ಲಿ ದೇವಿರಮ್ಮ ಮಗ ಉಂಡ ಜಾಗದ ಎದುರಿಗೇ ಗಂಗಳ ಹಾಕಿಕೊಂಡು ಕೂತು, ಆ ದಿನದ ತನ್ನ ಮೊದಲ ತುತ್ತನ್ನು ಮುರಿದಳು. ಸಾರಿನಲ್ಲಿ ಹೊರಳಿಸಿ ಬಾಯಿಗಿಟ್ಟುಕೊಂಡವಳು ಸ್ವಲ್ಪ ತಡೆದಳು. ಆಮೇಲೆ, ನುಂಗುವ ಬದಲು, ವಸಡಿನಿಂದ ಮೆಲ್ಲಗೆ ಅಗಿಯತೊಡಗಿದಳು.